ಕೈಗಾರಿಕಾ ವಿನ್ಯಾಸ: ಕಲಿಸುತ್ತಾ ಕಲಿತದ್ದು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ, ಚಿಕ್ಕಮಗಳೂರಿನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ನೀವು ವಿಶ್ವವಿದ್ಯಾಲಯದಲ್ಲಿ ಏನು ಕಲಿಸುತ್ತೀರೋ ಅದನ್ನೇ ನಮ್ಮ ಮಕ್ಕಳಿಗೆ ಹೇಳಿ, ಸಾಕು" ಎಂದರು. ಸುಲಭದ ಕೆಲಸವೆಂದು ಒಪ್ಪಿಕೊಂಡೆ. ಆಮೇಲೆ ಯೋಚಿಸಿದಾಗ, ಈ ಪ್ರಶ್ನೆಗೆ ನನ್ನ ಮನೆಯವರಿಗೇ ನಾನು ಇಷ್ಟು ವರ್ಷ ಸರಿಯಾದ ಉತ್ತರ ಕೊಟ್ಟಿಲ್ಲ ಎಂಬುದು ನೆನಪಾಯಿತು. ನಾನು ಡಿಸೈನ್ ಕಲಿಸುವ ಮೇಷ್ಟ್ರು ಎಂದರೆ ನಮ್ಮ ನೆಂಟರಲ್ಲಿ ಕೆಲವರು ಮೆಹಂದಿ ಡಿಸೈನ್ ಎಂದುಕೊಂಡಿದ್ದರು. ಇನ್ನು ಕೆಲವರು ಮದುವೆ ಕಾರ್ಡಿನ ಡಿಸೈನ್ ಎಂದು ತಿಳಿದು, ಮಗಳ ಮದುವೆಗೆ ಒಂದು ಚೆಂದದ ಕಾರ್ಡು ಮಾಡಿಕೊಡು ಎಂದು ಕೇಳಿದ್ದೂ ಉಂಟು. ಹಾಗಾಗಿ ಮೊದಲು ಈ ವಿದ್ಯೆ ಏನೆಂದು ಹೇಳುತ್ತೇನೆ. ಆಮೇಲೆ ಇದನ್ನು ಕಲಿಸಲು ಹೋಗಿ ನಾನು ಏನು ಕಲಿತೆ ಎಂದು ಹೇಳುತ್ತೇನೆ. ಎರಡನೆಯದೇ ಮುಖ್ಯ.

ಕೈಗಾರಿಕಾ ವಿನ್ಯಾಸ ಎಂದರೆ, ಕಾರ್ಖಾನೆಯಲ್ಲಿ ಒಂದೇ ಬಗೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾಗುವ ವಸ್ತು ಹೇಗಿರಬೇಕು, ಅದು ಬಳಸುವವರ ಕೈಗೆ, ಕಣ್ಣಿಗೆ, ಬೆನ್ನಿಗೆ ಮತ್ತು ಜೇಬಿಗೆ ಹೇಗೆ ಒಗ್ಗಬೇಕು ಎಂದು ಮೊದಲೇ ಯೋಚಿಸುವ ವಿದ್ಯೆ. ಈ ಯಂತ್ರ ಕೆಲಸ ಮಾಡುತ್ತದೆಯೇ ಎಂದು ಇಂಜಿನಿಯರ್ ಕೇಳುತ್ತಾನೆ. ಈ ಮನುಷ್ಯ ಈ ಯಂತ್ರದ ಜೊತೆ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಲ್ಲನೇ ಎಂದು ವಿನ್ಯಾಸಕಾರ ಕೇಳಬೇಕು. ಬಡಗಿ ಒಂದು ಕುರ್ಚಿ ಕೆಡಿಸಿದರೆ ಒಂದೇ ಕುರ್ಚಿ ಕೆಡುತ್ತದೆ. ಕಾರ್ಖಾನೆಗೆ ಹೋಗುವ ನಕ್ಷೆಯಲ್ಲಿ ತಪ್ಪಾದರೆ ಆ ತಪ್ಪು ಸಾವಿರ ಮನೆಗಳನ್ನು ಸೇರುತ್ತದೆ. ಈ ವಿದ್ಯೆಯ ಜವಾಬ್ದಾರಿ ಇರುವುದೇ ಇಲ್ಲಿ.

ನನ್ನ ಮೊದಲ ಪಾಠಶಾಲೆ

ನಾನು ಈ ವಿದ್ಯೆಯ ಅಕ್ಷರಾಭ್ಯಾಸ ಮಾಡಿದ್ದು ಕಾಲೇಜಿನಲ್ಲಲ್ಲ, ಮೂಡಿಗೆರೆಯ ಕಡೆ ರಸ್ತೆ ಬದಿಯಲ್ಲಿದ್ದ ನನ್ನ ತಂದೆಯವರ ಪುಟ್ಟ ವರ್ಕ್‌ಶಾಪಿನಲ್ಲಿ. ಒಂದು ವೆಲ್ಡಿಂಗ್ ಸೆಟ್, ಒಂದು ಡ್ರಿಲ್ಲಿಂಗ್ ಮಿಷಿನ್, ತಗಡಿನ ಮಾಡು. ಕಾಫಿ ಕೊಯ್ಲು ಶುರುವಾಗುವ ಮೊದಲು ತೋಟಗಳಿಂದ ಪಲ್ಪರುಗಳು ರಿಪೇರಿಗೆ ಬರುತ್ತಿದ್ದವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಬೇರ್ಪಡಿಸುವ ಯಂತ್ರ ಅದು. ತಿರುಗುವ ಡ್ರಮ್ಮಿಗೂ ಅದರ ಎದುರಿನ ತಟ್ಟೆಗೂ ನಡುವಿನ ಸಂದನ್ನು ಸರಿಹೊಂದಿಸುವುದೇ ಅದರ ಗುಟ್ಟು. ಸಂದು ಕಿರಿದಾದರೆ ಬೀಜ ಕತ್ತರಿಸಿ ಹೋಗುತ್ತದೆ, ಬೆಲೆ ಬೀಳುತ್ತದೆ. ಅಗಲವಾದರೆ ಸಿಪ್ಪೆ ಬಿಡುವುದೇ ಇಲ್ಲ. ತಂದೆಯವರು ಒಂದು ಹಿಡಿ ಹಣ್ಣು ಹಾಕಿ, ತಿರುಗಿಸಿ, ಸದ್ದು ಕೇಳಿ, ಹೊರಬಂದ ಬೀಜವನ್ನು ಬೆರಳಲ್ಲಿ ಉಜ್ಜಿ ನೋಡಿ ಬೋಲ್ಟ್ ಬಿಗಿ ಮಾಡುತ್ತಿದ್ದರು.

ಆದರೆ ಅವರು ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. ಯಂತ್ರ ತಂದವನನ್ನು, "ಇದನ್ನು ತಿರುಗಿಸುವವರು ಯಾರು? ಎತ್ತರದವರೋ, ಗಿಡ್ಡವೋ?" ಎಂದು ಕೇಳುತ್ತಿದ್ದರು. ಅದಕ್ಕೆ ತಕ್ಕಂತೆ ಹಿಡಿಕೆಯನ್ನು ಬದಲಾಯಿಸಿಕೊಡುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟ ಮನುಷ್ಯ ಅವರು. ಎಷ್ಟೋ ವರ್ಷಗಳ ನಂತರ ತರಗತಿಯಲ್ಲಿ 'ಬಳಕೆದಾರರ ಅಧ್ಯಯನ' ಎಂಬ ಪಾಠ ಕೇಳಿದಾಗ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ಕೇಳಿದ್ದು ಆ ತಗಡಿನ ಮಾಡಿನ ಕೆಳಗೆ.

ಅದೇ ವರ್ಕ್‌ಶಾಪಿಗೆ ಏಣಿಗಳೂ ಬರುತ್ತಿದ್ದವು. ಕಾಫಿ ತೋಟದ ನೆರಳಿಗೆ ಸಿಲ್ವರ್ ಓಕ್ ಮರಗಳು, ಆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು ನಿಮಗೆಲ್ಲ ಗೊತ್ತಿದ್ದದ್ದೇ. ಹಿಂದೆ ಮೆಣಸು ಕೊಯ್ಯಲು ಒಂಟಿ ಬಿದಿರಿನ ಏಣಿ ಇತ್ತು. ಗಣ್ಣಿನ ಕವಲುಗಳನ್ನು ಗೇಣುದ್ದ ಉಳಿಸಿ ಕಡಿದರೆ ಅದೇ ಮೆಟ್ಟಿಲು. ಬಿದಿರು ಭಾರ, ಕೆಲವು ವರ್ಷಕ್ಕೆ ಹುಳ ಹಿಡಿಯುತ್ತದೆ, ಕಾಲಿಟ್ಟಾಗ ಮುರಿಯುತ್ತದೆ. ಆಮೇಲೆ ಅಲ್ಯೂಮಿನಿಯಂ ಏಣಿ ಬಂತು. ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಒಬ್ಬನೇ ಹೊತ್ತು ಮರದಿಂದ ಮರಕ್ಕೆ ಹೋಗಬಹುದು. ಎಲ್ಲರಿಗೂ ಇಷ್ಟವಾಯಿತು. "ಸಾಯ್ಬ್ರೇ, ಇದಕ್ಕೆ ಇನ್ನೊಂದು ನಾಲ್ಕಡಿ ಸೇರಿಸಿ ಕೊಡಿ" ಎಂದು ತೋಟದವರು ತರುತ್ತಿದ್ದರು. ತಂದೆಯವರು ರಿವೆಟ್ ಹೊಡೆದು ಉದ್ದ ಮಾಡಿಕೊಡುತ್ತಿದ್ದರು.

ನಾನು ಕಾಲೇಜಿನಲ್ಲಿದ್ದ ವರ್ಷ, ಮೆಣಸಿನ ಕೊಯ್ಲಿನ ಕಾಲದಲ್ಲಿ, ಕಳಸದ ಕಡೆಯ ಒಂದು ತೋಟದಲ್ಲಿ ಏಣಿ ವಿದ್ಯುತ್ ತಂತಿಗೆ ತಾಗಿ ಒಬ್ಬ ಕೆಲಸಗಾರ ತೀರಿಕೊಂಡ. ನಮ್ಮ ಅಂಗಡಿಗೆ ಆಗಾಗ ಬಂದು ಚಹಾ ಕುಡಿದು ಹೋಗುತ್ತಿದ್ದವನು. ಆ ಏಣಿ ನಮ್ಮಲ್ಲಿ ಉದ್ದ ಮಾಡಿಸಿದ್ದಲ್ಲ ಎಂದು ಆಮೇಲೆ ತಿಳಿಯಿತು. ಆದರೂ ತಂದೆಯವರು ಮೂರು ದಿನ ಅಂಗಡಿ ತೆಗೆಯಲಿಲ್ಲ. ತೆಗೆದ ಮೇಲೆ ಯಾರ ಏಣಿಯನ್ನೂ ಉದ್ದ ಮಾಡಿಕೊಡಲಿಲ್ಲ. ನನಗೆ ಒಂದೇ ಮಾತು ಹೇಳಿದರು: "ಇದನ್ನು ಮಾಡಿದವನು ಒಂದು ಸಲ ತೋಟಕ್ಕೆ ಬಂದು ತಲೆಯೆತ್ತಿ ನೋಡಿದ್ದರೆ ಸಾಕಿತ್ತು."

ಇದು ಒಂದು ತೋಟದ ಕಥೆಯಲ್ಲ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ತೋಟಗಳಿಂದ ಇಂತಹ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಈ ಏಣಿಯ ವಿಷಯಕ್ಕೆ ನಾನು ಮತ್ತೆ ಬರುತ್ತೇನೆ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿ

ಯಂತ್ರಯುಗದ ವಸ್ತುಗಳಿಗೆ ರೂಪ ಕೊಡುವುದನ್ನು ಒಂದು ಶಾಲೆಯಲ್ಲಿ ಕಲಿಸಬಹುದು ಎಂಬ ವಿಚಾರಕ್ಕೆ ಜರ್ಮನಿಯ ಬೌಹೌಸ್ ಶಾಲೆ ದೊಡ್ಡ ಹೆಸರು ತಂದುಕೊಟ್ಟಿತು. 1919ರಲ್ಲಿ ಆರಂಭವಾದ ಆ ಶಾಲೆ 1933ರಲ್ಲಿ ನಾಜಿಗಳ ಒತ್ತಡದಿಂದ ಮುಚ್ಚಿತು. ಅದರ ಗುರುಶಿಷ್ಯರು ಚದುರಿ ಹೋದ ಕಡೆಯೆಲ್ಲ ಈ ವಿದ್ಯೆ ಹೋಯಿತು. ಯುದ್ಧಾನಂತರ ಜರ್ಮನಿಯ ಉಲ್ಮ್ ನಗರದ ಶಾಲೆ ಅದನ್ನು ಮುಂದುವರಿಸಿತು.

ನಮ್ಮ ಸರ್ಕಾರ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಕರೆಸಿ ಸಲಹೆ ಕೇಳಿತು. ಅವರು ಊರೂರು ತಿರುಗಿ 1958ರಲ್ಲಿ ವರದಿ ಕೊಟ್ಟರು. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅವರು ಬಹಳವಾಗಿ ಮೆಚ್ಚಿದ್ದು ಯಾವುದನ್ನು ಗೊತ್ತೇ? ಲೋಟಾವನ್ನು. ಲೋಟಾ ಎಂದರೆ ನಾವು ಕಾಫಿ ಕುಡಿಯುವ ಲೋಟವಲ್ಲ, ನಮ್ಮ ತಂಬಿಗೆ. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ, ತಲೆಯ ಮೇಲೆ ಹೇಗೆ ಕೂರಬೇಕು, ಸುರಿಯುವಾಗ ತೂಕ ಹೇಗೆ ಬಾಗಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಬೆಲೆ ಎಷ್ಟು, ಮಾರಿದರೆ ಎಷ್ಟು ಬರುತ್ತದೆ, ಇಷ್ಟೆಲ್ಲ ಪ್ರಶ್ನೆಗಳಿಗೆ ಅದರ ಆಕಾರದಲ್ಲೇ ಉತ್ತರವಿದೆ ಎಂಬುದು ಅವರ ವಾದ. ಅದನ್ನು ಒಬ್ಬ ಮನುಷ್ಯ ವಿನ್ಯಾಸ ಮಾಡಿದ್ದಲ್ಲ, ತಲೆಮಾರುಗಳು ಸೇರಿ ತಿದ್ದಿದ್ದು ಎಂದೂ ಅವರು ಹೇಳಿದರು. ನಮ್ಮ ಮನೆಗಳಲ್ಲಿ, ಮಸೀದಿಗಳಲ್ಲಿ ಕೈಕಾಲು ತೊಳೆಯಲು ಇಟ್ಟಿರುತ್ತಿದ್ದ ಮೂತಿಯಿರುವ ಗಿಂಡಿಯನ್ನು ನೆನಪು ಮಾಡಿಕೊಳ್ಳಿ. ಕಡಿಮೆ ನೀರು, ಸಣ್ಣ ಧಾರೆ. ಅದೂ ಅಂತಹದ್ದೇ ಒಂದು ವಸ್ತು.

ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಆರಂಭವಾಯಿತು. 1969ರಲ್ಲಿ ಮುಂಬಯಿ ಐಐಟಿಯಲ್ಲಿ ಐಡಿಸಿ ಎಂಬ ಕೈಗಾರಿಕಾ ವಿನ್ಯಾಸ ಕೇಂದ್ರ ಬಂತು. ಅದನ್ನು ಕಟ್ಟಿದ ಸುಧಾಕರ ನಾಡಕರ್ಣಿಯವರು ಉಲ್ಮ್ ಶಾಲೆಯಲ್ಲಿ ಕಲಿತವರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪನ್ನ ವಿನ್ಯಾಸದ ಸ್ನಾತಕೋತ್ತರ ಪದವಿ ಇದೆ. ಎನ್‌ಐಡಿಯ ಬೆಂಗಳೂರು ಕೇಂದ್ರ 2006ರಲ್ಲಿ ಆರಂಭವಾಯಿತು. 2007ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಿನ್ಯಾಸ ನೀತಿಯನ್ನೂ ಒಪ್ಪಿಕೊಂಡಿತು.

ಇದೆಲ್ಲ ದೂರದ ಮಾತು ಎನಿಸಿದರೆ ಒಂದು ಹತ್ತಿರದ ಉದಾಹರಣೆ ಕೊಡುತ್ತೇನೆ. ಇಲ್ಲಿರುವ ಹಿರಿಯರೆಲ್ಲ ಮತಯಂತ್ರದ ನೀಲಿ ಗುಂಡಿ ಒತ್ತಿದ್ದೀರಿ. ಆ ಯಂತ್ರದ ಹೊರರೂಪವನ್ನು ವಿನ್ಯಾಸ ಮಾಡಿದ್ದು ಮುಂಬಯಿಯ ಇದೇ ಐಡಿಸಿಯ ಅಧ್ಯಾಪಕರು. ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರ ಬಳಕೆಯಾಯಿತು. ಅಕ್ಷರ ಬಾರದ ಅಜ್ಜಿಯೂ ಚಿಹ್ನೆ ನೋಡಿ, ಪಕ್ಕದ ಗುಂಡಿ ಒತ್ತಿ, ಸದ್ದು ಕೇಳಿ, ತನ್ನ ಮತ ಬಿದ್ದಿದೆ ಎಂದು ತಿಳಿದು ಹೊರಬರುತ್ತಾಳೆ. ಅಜ್ಜಿಗೆ ಯಾರೂ ತರಬೇತಿ ಕೊಡಲಿಲ್ಲ. ಯಂತ್ರಕ್ಕೇ ಅಜ್ಜಿಯ ರೀತಿಯನ್ನು ಕಲಿಸಲಾಯಿತು. ನಾನು ಕಲಿಸುವ ವಿಷಯ ಇದು.

ತರಗತಿಯಲ್ಲಿ ಏನು ನಡೆಯುತ್ತದೆ?

ನಮ್ಮ ತರಗತಿಯಲ್ಲಿ ಕರಿಹಲಗೆಗಿಂತ ಮೇಜು ದೊಡ್ಡದು. ಮೊದಲ ವಾರ ಪ್ರತಿ ವಿದ್ಯಾರ್ಥಿಗೂ ಒಂದು ಲೋಟ ಫಿಲ್ಟರ್ ಕಾಫಿ ಕೊಡುತ್ತೇನೆ. ಕುಡಿದ ಮೇಲೆ ಆ ಸ್ಟೀಲ್ ಲೋಟವನ್ನು 20 ಸಲ ಚಿತ್ರಿಸಬೇಕು. ಐದನೇ ಚಿತ್ರದ ಹೊತ್ತಿಗೆ ಬೇಸರ ಬರುತ್ತದೆ. ಹತ್ತನೆಯದರ ಹೊತ್ತಿಗೆ ಯಾರಾದರೂ ಒಬ್ಬರು, "ಸಾರ್, ಇದರ ಅಂಚು ಹೊರಗೆ ಮಡಚಿಕೊಂಡಿದೆ" ಎನ್ನುತ್ತಾರೆ. ಯಾಕೆ? ಬಿಸಿ ಲೋಟವನ್ನು ಅಲ್ಲಿ ಹಿಡಿಯುತ್ತೇವೆ. ತೆಳು ತಗಡು ತುಟಿಗೆ ಕೊಯ್ಯುವುದಿಲ್ಲ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಾಗ ಬೆರಳು ಜಾರುವುದಿಲ್ಲ. ಹುಟ್ಟಿದಾಗಿನಿಂದ ಕಂಡ ವಸ್ತುವನ್ನು ಅವರು ಅಂದು ಮೊದಲ ಸಲ ನೋಡುತ್ತಾರೆ. ನೋಡುವುದೇ ಮೊದಲ ಪಾಠ.

ಆಮೇಲೆ ರಟ್ಟು, ಮರ, ಜೇಡಿಮಣ್ಣು, ಥರ್ಮೋಕೋಲ್‌ಗಳಲ್ಲಿ ಮಾದರಿ ಮಾಡುವುದು. ಮಾಡಿದ್ದನ್ನು ಬಳಸುವವರ ಕೈಗೆ ಕೊಟ್ಟು ನೋಡುವುದು. ಕೆಟ್ಟಿದ್ದನ್ನು ಬಿಚ್ಚಿ ಮತ್ತೆ ಮಾಡುವುದು. ಕೊನೆಗೆ ಹೊರಗಿನ ತಜ್ಞರ ಮುಂದೆ ಇಟ್ಟು ಪ್ರಶ್ನೆಗಳಿಗೆ ಉತ್ತರಿಸುವುದು, ಅದನ್ನು ಜ್ಯೂರಿ ಎನ್ನುತ್ತೇವೆ. ಇಲ್ಲಿ ಗೈಡ್ ಪುಸ್ತಕದ ಉತ್ತರ ಇಲ್ಲ. ಶೇಕಡಾ 95 ಅಂಕ ತೆಗೆದು ಬಂದ ಮಕ್ಕಳು ಮೊದಲ ಆರು ತಿಂಗಳು ಬಹಳ ಕಷ್ಟಪಡುತ್ತಾರೆ. "ಸಾರ್, ಸರಿಯಾದ ಉತ್ತರ ಯಾವುದು?" ಎಂದು ಕೇಳುತ್ತಲೇ ಇರುತ್ತಾರೆ. ಅದೇ ವೇಳೆಗೆ ಸಣ್ಣ ಊರಿನಿಂದ ಬಂದ, ಸೈಕಲ್ ಬಿಚ್ಚಿ ಜೋಡಿಸಿದ, ಮನೆಯಲ್ಲಿ ಹೊಲಿಗೆ ಮಿಷಿನ್ ತುಳಿದ ಮಕ್ಕಳು ಮೆಲ್ಲಗೆ ಮುಂದೆ ಬರುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಚೀಲದ ಪಾಠ

ಒಂದು ವರ್ಷ ನನ್ನ ವಿದ್ಯಾರ್ಥಿಗಳನ್ನು ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಕರೆದುಕೊಂಡು ಬಂದೆ. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಡೀ ದಿನ ಇಳಿಜಾರಿನಲ್ಲಿ ನಿಂತಿರುತ್ತಾರೆ. ಭಾರವೆಲ್ಲ ಸೊಂಟದ ಮೇಲೆ. ವಿದ್ಯಾರ್ಥಿಗಳು ಎರಡು ದಿನ ನೋಡಿದರು, ಫೋಟೋ ತೆಗೆದರು, ಅಳತೆ ಮಾಡಿದರು. ವಾಪಸ್ ಹೋಗಿ ಮೂರು ತಿಂಗಳು ಕೆಲಸ ಮಾಡಿ ಬಹಳ ಚೆಂದದ ಚೀಲವೊಂದನ್ನು ಮಾಡಿದರು. ಭಾರ ಹೆಗಲಿಗೆ ಬರುವಂತೆ ಎರಡು ಪಟ್ಟಿ, ಬೆನ್ನಿಗೆ ಮೆತ್ತೆ, ಹಣ್ಣು ಹೊರತೆಗೆಯಲು ಪಕ್ಕದಲ್ಲಿ ಜಿಪ್. ಪುಸ್ತಕದ ಪ್ರಕಾರ ಎಲ್ಲವೂ ಸರಿ. ನಾನೂ ಹೊಗಳಿದ್ದೆ.

ಅದನ್ನು ತೋಟಕ್ಕೆ ತಂದು ಒಬ್ಬ ಹಿರಿಯ ಹೆಂಗಸಿಗೆ ಕೊಟ್ಟೆವು. ಆಕೆ ಹಾಕಿಕೊಂಡು ಗಿಡದೊಳಗೆ ಹೋದರು. ಹತ್ತು ನಿಮಿಷಕ್ಕೆ ಹೊರಗೆ ಬಂದು ಬಿಚ್ಚಿ ಕೈಗೆ ಕೊಟ್ಟರು. "ಸಾರ್, ಇದು ಇಸ್ಕೂಲ್ ಮಕ್ಳಿಗೆ ಚೆಂದ. ಬಗ್ಗಿದ್ರೆ ಎದೆಗೆ ಬರ್ತದೆ, ಎದ್ರೆ ರೆಕ್ಕೆ ಹಿಡ್ಕೊಳ್ತದೆ" ಎಂದರು. ರೆಕ್ಕೆ ಎಂದರೆ ಗಿಡದ ರೆಂಬೆ. ಹೆಗಲ ಪಟ್ಟಿಗೆ ರೆಂಬೆಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಹಣ್ಣಿನ ಅಂಟು ರಸ ತಾಗಿ ಜಿಪ್ ಆಗಲೇ ಕಚ್ಚಿಕೊಂಡಿತ್ತು.

ಆಮೇಲೆ ಆಕೆ ತನ್ನ ಚೀಲವನ್ನು ತೋರಿಸಿದರು. ಅಕ್ಕಿ ಚೀಲವನ್ನು ಬಿಚ್ಚಿ ಹೊಲಿದದ್ದು. ತಳವನ್ನು ಹೊಲಿದಿರಲಿಲ್ಲ. ಮೇಲಕ್ಕೆ ಮಡಚಿ ಒಂದು ದಾರದ ಕುಣಿಕೆ ಹಾಕಿದ್ದರು. ದಾರ ಎಳೆದರೆ ತಳ ಬಿಚ್ಚಿ ಹಣ್ಣೆಲ್ಲ ಗೋಣಿಗೆ ಬೀಳುತ್ತದೆ. ಬಗ್ಗಬೇಕಾಗಿಲ್ಲ, ಇನ್ನೊಂದು ಕೈ ಬೇಕಾಗಿಲ್ಲ. ಇಂಬಳ ಹತ್ತಿದರೆ ತೆಗೆಯಲು ಒಂದು ಕೈ ಯಾವಾಗಲೂ ಖಾಲಿ ಇರಬೇಕಲ್ಲ ಎಂದು ನಕ್ಕರು. ನನ್ನ ವಿದ್ಯಾರ್ಥಿಗಳು ತೆಗೆದ ನೂರಾರು ಫೋಟೋಗಳಲ್ಲಿ ಆ ಕುಣಿಕೆ ಇತ್ತು. ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಆ ವರ್ಷ ಅವರು ಹೊಸ ಚೀಲ ಮಾಡಲಿಲ್ಲ. ಆಕೆಯ ಚೀಲದ ಸೊಂಟಪಟ್ಟಿಯನ್ನು ಮಾತ್ರ ಅಗಲ ಮಾಡಿ, ಒಳಗೆ ಬಟ್ಟೆ ಮಡಚಿ ಹೊಲಿದರು. ನೋಡಲು ಏನೂ ಇಲ್ಲದ ಬದಲಾವಣೆ. ಆದರೆ ಸಂಜೆಯವರೆಗೆ ಆಕೆ ಅದನ್ನು ಬಿಚ್ಚಲಿಲ್ಲ. ವಿಶ್ವವಿದ್ಯಾಲಯದಿಂದ ಬಂದವನು ಕೊಡುವುದಕ್ಕಿಂತ ಮೊದಲು ಪಡೆಯಬೇಕು ಎಂದು ಅಂದು ನನಗೆ ತಿಳಿಯಿತು.

ಮತ್ತೆ ಏಣಿಗೆ ಬರೋಣ

ಚೀಲದಲ್ಲಿ ತಪ್ಪಾದರೆ ಸೊಂಟ ನೋಯುತ್ತದೆ. ಏಣಿಯಲ್ಲಿ ತಪ್ಪಾದರೆ ಜೀವ ಹೋಗುತ್ತದೆ. ಅದಕ್ಕೇ ಏಣಿಯ ಸಮಸ್ಯೆಯನ್ನು ತರಗತಿಗೆ ಕೊಡಲು ಹಲವು ವರ್ಷ ಹಿಂಜರಿದೆ. ಕೊನೆಗೆ ಕೊಟ್ಟೆ.

ಮೊದಲ ವಾರ ಬಂದ ಉತ್ತರಗಳು ನೀವೂ ಊಹಿಸುವಂತಹವೇ. ಏಣಿಯ ಕಾಲಿಗೆ ರಬ್ಬರ್ ಹಾಕೋಣ ಎಂದರು. ಆದರೆ ಏಣಿಯನ್ನು ಕೈಯಲ್ಲಿ ಹಿಡಿದಿರುವ ಮನುಷ್ಯ ನೆಲದ ಮೇಲೆ ನಿಂತಿದ್ದಾನೆ. ತಂತಿ ತಾಗಿದರೆ ವಿದ್ಯುತ್ತು ಅವನ ಮೈಯಿಂದಲೇ ನೆಲಕ್ಕೆ ಇಳಿಯುತ್ತದೆ. ಏಣಿಯ ಕಾಲಿನ ರಬ್ಬರ್ ಏನು ಮಾಡೀತು? ಬಣ್ಣ ಬಳಿಯೋಣ ಎಂದರು. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್. ತೋಟದ ಮೇಲೆ ಹಾದುಹೋಗುವ ಲೈನುಗಳಲ್ಲಿ 11,000 ವೋಲ್ಟಿನವೂ ಇವೆ. ಅದರ ಮುಂದೆ ಒಂದು ಪದರ ಬಣ್ಣ ಏನೂ ಅಲ್ಲ. ಫೈಬರ್ ಏಣಿ ಮಾಡೋಣ ಎಂದರು. ಇದು ಒಳ್ಳೆಯ ಉತ್ತರ. ಒಣಗಿ ಶುಚಿಯಾಗಿದ್ದರೆ ಫೈಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದರೆ ಅಷ್ಟೇ ಬಲದ ಅಲ್ಯೂಮಿನಿಯಂ ಏಣಿಗಿಂತ ಅದು ಭಾರ, ಬೆಲೆಯೂ ಹೆಚ್ಚು. ಬಿದಿರಿಗೇ ವಾಪಸ್ ಹೋಗೋಣ ಎಂದರೆ, ಮಳೆಗೋ ಇಬ್ಬನಿಗೋ ನೆನೆದ ಬಿದಿರು ಕೂಡ ನಂಬಿಕೆಗೆ ಅರ್ಹವಲ್ಲ.

ಎರಡನೇ ವಾರ ತೋಟಕ್ಕೆ ಬಂದೆವು. ಈ ಸಲ ಫೋಟೋ ತೆಗೆಯುವುದು ಬೇಡ, ಕೆಲಸಗಾರರ ಜೊತೆ ಇಡೀ ದಿನ ಇರಿ ಎಂದೆ. ಒಬ್ಬ ವಿದ್ಯಾರ್ಥಿನಿ ಸಂಜೆ ಬಂದು ಹೇಳಿದಳು: "ಸಾರ್, ಮರಕ್ಕೆ ಒರಗಿಸಿದ ಮೇಲೆ ಅಪಾಯ ಕಡಿಮೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವಾಗಲೇ ಅಪಾಯ. ಏಣಿಯನ್ನು ಮಲಗಿಸಿಕೊಂಡು ಹೋಗಲು ನಡುವೆ ಕಾಫಿ ಗಿಡ ಬಿಡುವುದಿಲ್ಲ. ಹಾಗಾಗಿ ನಿಲ್ಲಿಸಿಕೊಂಡೇ ಹೋಗುತ್ತಾರೆ. ಆಗ ಅವರ ಕಣ್ಣು ನೆಲದ ಮೇಲೆ ಇರುತ್ತದೆ, ಗುಂಡಿ, ಬೇರು, ಇಳಿಜಾರು. ಮೇಲೆ ನೋಡಲು ಆಗುವುದೇ ಇಲ್ಲ."

ನನಗೆ ತಂದೆಯವರ ಮಾತು ನೆನಪಾಯಿತು. ತಲೆಯೆತ್ತಿ ನೋಡಬೇಕಾದವನು ಏಣಿ ಹೊತ್ತವನಲ್ಲ. ಅವನಿಗೆ ತಲೆಯೆತ್ತಲು ಪುರುಸೊತ್ತು ಇಲ್ಲ. ಅವನ ಪರವಾಗಿ ಮೊದಲೇ ಯಾರಾದರೂ ನೋಡಿಡಬೇಕು.

ಆ ಹುಡುಗಿ ಹೊಸ ಏಣಿ ಮಾಡಲಿಲ್ಲ. ತೋಟದ ನಕ್ಷೆ ಬರೆದು ಅದರ ಮೇಲೆ ಲೈನ್ ಹಾದುಹೋಗುವ ದಾರಿ ಗುರುತಿಸಿದಳು. ಏಣಿ ಬಿದ್ದರೂ ವಾಲಿದರೂ ತಂತಿ ತಾಗಬಹುದಾದ ಅಳತೆಯೊಳಗಿನ ಎಲ್ಲ ಮರಗಳ ಕಾಂಡಕ್ಕೆ, ಎದೆಯ ಎತ್ತರದಲ್ಲಿ, ಅಗಲವಾದ ಹಳದಿ ಪಟ್ಟಿ ಬಳಿಯಬೇಕು. ಹಳದಿ ಪಟ್ಟಿಯ ಮರಗಳ ನಡುವೆ ಅಲ್ಯೂಮಿನಿಯಂ ಏಣಿ ತರಲೇಬಾರದು. ಅಲ್ಲಿನ ಮೆಣಸನ್ನು ಲೈನ್ ಬಂದ್ ಮಾಡಿಸಿದ ದಿನ ಮಾತ್ರ, ಮೇಸ್ತ್ರಿ ಎದುರಿಗೆ ನಿಂತು, ಫೈಬರ್ ಏಣಿಯಲ್ಲಿ ಕೊಯ್ಯಬೇಕು. ಇಡೀ ತೋಟಕ್ಕೆ ಅಂತಹ ಏಣಿ ಒಂದೆರಡು ಇದ್ದರೆ ಸಾಕು. ಇಂದು ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಗಾರರು ಬರುತ್ತಾರೆ, ಕನ್ನಡ ಓದಲಾರರು. ಹಳದಿ ಬಣ್ಣಕ್ಕೆ ಭಾಷೆ ಬೇಡ. ಮುಂದೆ ಮರ ನೆಡುವಾಗ ಲೈನಿನ ಕೆಳಗೆ ಮೆಣಸಿನ ಮರವೇ ಬೇಡ ಎಂದೂ ಬರೆದಳು.

ಜ್ಯೂರಿಯ ದಿನ ಹೊರಗಿನಿಂದ ಬಂದ ತಜ್ಞರೊಬ್ಬರು, "ಇದರಲ್ಲಿ ವಸ್ತು ಎಲ್ಲಿದೆ? ಒಂದು ಡಬ್ಬ ಪೇಂಟ್ ಬಿಟ್ಟರೆ ಏನಿದೆ?" ಎಂದು ಕೇಳಿದರು. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗನ ಹೊಳೆಯುವ ಮಡಚುವ ಏಣಿ ಇತ್ತು. ಅದಕ್ಕೆ ಹೆಚ್ಚು ಅಂಕ ಬಂತು. ಅದೂ ಅಲ್ಯೂಮಿನಿಯಂ ಏಣಿಯೇ. ಆ ದಿನ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅತಿಥಿಗಳ ಮುಂದೆ ವಾದ ಬೇಡ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು. ಹುಡುಗಿ ನನ್ನ ಮುಖ ನೋಡಿದ್ದು ಈಗಲೂ ನೆನಪಿದೆ.

ಆ ತೋಟದ ಮಾಲೀಕರು ಮಾತ್ರ ಅಂಕಪಟ್ಟಿ ಕೇಳಲಿಲ್ಲ. ಮುಂದಿನ ಕೊಯ್ಲಿಗೆ ಮುಂಚೆ ಮರಗಳಿಗೆ ಪಟ್ಟಿ ಬಳಿಸಿದರು. ಎಲ್ಲ ಬಗೆಹರಿಯಿತು ಎಂದು ನಾನು ಹೇಳಲಾರೆ. ಎರಡು ಮೂರು ಮಳೆಗಾಲ ಕಳೆದರೆ ಬಣ್ಣದ ಮೇಲೆ ಪಾಚಿ ಹಿಡಿಯುತ್ತದೆ, ಮತ್ತೆ ಬಳಿಯಬೇಕು. ಪಕ್ಕದ ತೋಟದಲ್ಲಿ ಬಳಿದಿಲ್ಲ. ಹೊದಿಕೆಯಿರುವ ತಂತಿ ಹಾಕಿಸುವುದು ತೋಟದವರ ಕೈಯಲ್ಲಿಲ್ಲ, ಅದಕ್ಕೆ ಮೆಸ್ಕಾಂ ಜೊತೆ ಕೂತು ಮಾತಾಡಬೇಕು. ಹಗುರವಾದ, ಅಗ್ಗವಾದ, ವಿದ್ಯುತ್ತು ಹರಿಯದ ಏಣಿ ನಮ್ಮ ತೋಟಗಳಿಗೆ ಇನ್ನೂ ಬೇಕಾಗಿಯೇ ಇದೆ. ಆ ಕೆಲಸ ನಿಮ್ಮಲ್ಲಿ ಯಾರಿಗೋ ಕಾದಿದೆ.

ಅಂದಿನಿಂದ ನಾನು ಒಂದು ಬದಲಾವಣೆ ಮಾಡಿಕೊಂಡೆ. ಜ್ಯೂರಿಯಲ್ಲಿ ಮೊದಲ ಪ್ರಶ್ನೆ ನನ್ನದು: "ಇದು ಯಾರಿಗಾಗಿ? ಅವರು ಏನೆಂದರು?" ಇದಕ್ಕೆ ಉತ್ತರವಿಲ್ಲದಿದ್ದರೆ ಹೊಳಪಿಗೆ ಅಂಕವಿಲ್ಲ.

ಕುಶಲಕರ್ಮಿಗಳ ಮಕ್ಕಳಿಗೆ ಒಂದು ಮಾತು

ನಮ್ಮ ಸಮುದಾಯದಲ್ಲಿ ಗ್ಯಾರೇಜು, ವೆಲ್ಡಿಂಗ್, ಬಡಗಿ ಕೆಲಸ, ಹೊಲಿಗೆ ಮಾಡುವ ಮನೆಗಳು ಬಹಳ. ಆ ಮನೆಗಳ ಮಕ್ಕಳು ಕಾಲೇಜಿಗೆ ಬಂದ ಮೇಲೆ ಅಪ್ಪನ ಕೆಲಸ ಹೇಳಿಕೊಳ್ಳಲು ನಾಚುತ್ತಾರೆ. ನಾನೂ ನಾಚಿದ್ದೆ. ದಯವಿಟ್ಟು ನಾಚಬೇಡಿ. ಬೀದರಿನ ಬಿದರಿ ಕಲೆಯನ್ನು ನೋಡಿ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುವ ವಿದ್ಯೆ ಅದು. ಆ ಕಲೆಯ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಜೈಪುರ ಕಾಲನ್ನು ನೋಡಿ. 1968ರಲ್ಲಿ ಅದು ರೂಪುಗೊಂಡದ್ದು ಡಾ. ಪಿ.ಕೆ. ಸೇಥಿ ಎಂಬ ವೈದ್ಯರು ಮತ್ತು ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಸೇರಿ ಕೆಲಸ ಮಾಡಿದ್ದರಿಂದ. ನೆಲದ ಮೇಲೆ ಕಾಲು ಮಡಚಿ ಕೂತು ಊಟ, ಪ್ರಾರ್ಥನೆ ಮಾಡುವ, ಬರಿಗಾಲಲ್ಲಿ ಗದ್ದೆಗೆ ಇಳಿಯುವ ನಮ್ಮ ಜನಕ್ಕೆ ವಿದೇಶಿ ಮಾದರಿಯ ಕೃತಕ ಕಾಲು ಒಗ್ಗುತ್ತಿರಲಿಲ್ಲ. ವೈದ್ಯರ ಓದು, ಕುಶಲಕರ್ಮಿಯ ಕೈ ಎರಡೂ ಸೇರಿದವು. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇನ್ನೊಂದು ಉಪಯುಕ್ತ ವಿಷಯ. ವರ್ಕ್‌ಶಾಪ್ ನಡೆಸುವ ಹಿರಿಯರು ಗಮನಿಸಬೇಕು. ನೀವು ಹೊಸದಾಗಿ ಕಂಡುಕೊಂಡ ಆಕಾರವನ್ನು 2000ನೇ ಇಸವಿಯ ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದು. ರಕ್ಷಣೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ. ಆದರೆ ಅದನ್ನು ಮೊದಲೇ ಬಹಿರಂಗಪಡಿಸಿರಬಾರದು.

ಇನ್ನು ಸೇರುವ ದಾರಿ. ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕೆಂದಿಲ್ಲ, ಕಲೆ, ವಾಣಿಜ್ಯ ಓದಿದವರೂ ಬರಬಹುದು. ಎನ್‌ಐಡಿ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಐಐಟಿಗಳ ಬಿ.ಡೆಸ್ ಪದವಿಗೆ 2015ರಿಂದ ಯುಸೀಡ್ ಎಂಬ ಪರೀಕ್ಷೆ ಇದೆ. ಪದವಿ ಮುಗಿಸಿದವರಿಗೆ ಎಂ.ಡೆಸ್ ಇದೆ, ಅದಕ್ಕೆ ಸೀಡ್ ಪರೀಕ್ಷೆ. ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಹೆದರಬೇಡಿ. ಇವತ್ತೇ ಒಂದು ಬರೆ ಹಾಕದ ನೋಟ್‌ಬುಕ್ ಕೊಳ್ಳಿ. ದಿನಕ್ಕೊಂದು ವಸ್ತು ಬಿಡಿಸಿ: ಅಡಿಗೆ ಮನೆಯ ಈಳಿಗೆಮಣೆ, ತೋಟದ ಕತ್ತಿ, ಬಸ್ಸಿನ ಕಂಬಿ. ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಇದು ಯಾರಿಗೆ ಕಷ್ಟ ಕೊಡುತ್ತದೆ? ಎರಡು ವರ್ಷದಲ್ಲಿ ಆ ಪುಸ್ತಕವೇ ನಿಮ್ಮ ಪ್ರವೇಶಪತ್ರ ಆಗುತ್ತದೆ. ಹೆಣ್ಣುಮಕ್ಕಳ ಪೋಷಕರಿಗೆ ವಿಶೇಷವಾಗಿ ಹೇಳುತ್ತೇನೆ, ಏಣಿಯ ಅಪಾಯ ಎಲ್ಲಿದೆ ಎಂದು ಕಂಡುಹಿಡಿದದ್ದು ಒಬ್ಬ ಹುಡುಗಿ.

ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಎಂಬ ಪ್ರತೀತಿ ನಮಗೆಲ್ಲ ಗೊತ್ತು. ಬೀಜ ಹೊರಗಿನಿಂದ ಬಂತು. ಪಲ್ಪರ್ ಹೊರಗಿನಿಂದ ಬಂತು, ಏಣಿಯೂ ಹೊರಗಿನಿಂದ ಬಂತು. ಅವನ್ನೆಲ್ಲ ಈ ಮಣ್ಣಿಗೆ, ಈ ಇಳಿಜಾರಿಗೆ, ಈ ಕೈಗಳಿಗೆ ಒಗ್ಗಿಸುವ ಕೆಲಸ ಮಾತ್ರ ಇಲ್ಲಿಯವರೇ ಮಾಡಬೇಕು. ಅದನ್ನು ಬೇರೆಯವರು ಬಂದು ಮಾಡಿಕೊಡಲಿ ಎಂದು ಕಾದರೆ ಏನಾಗುತ್ತದೆ ಎಂದು ನೋಡಿದ್ದೇವೆ.

ನೀವು ಮನೆಗೆ ಹೋಗುವಾಗ ದಾರಿಯಲ್ಲಿ ಯಾರಾದರೂ ಏಣಿ ಹೊತ್ತು ಹೋಗುವುದು ಕಂಡರೆ ಒಂದು ನಿಮಿಷ ನಿಲ್ಲಿ. ಅವರ ಪರವಾಗಿ ತಲೆಯೆತ್ತಿ ಮೇಲೆ ನೋಡಿ. ನನ್ನ ವಿಷಯದ ಮೊದಲ ಪಾಠ ನಿಮಗೆ ಅಲ್ಲೇ ಆಗುತ್ತದೆ.